ಮರಳುನಾಡಿನಲ್ಲಿ ಜೆಟ್ ಸ್ಕೀ: ನೆಲದ ಮೇಲೆ ಇಡುವ ಕ್ರಮ ಮತ್ತು ಒಡಲಿಗೆ ಆಸರೆ

ಸೌದಿ ಅರೇಬಿಯದ ಅಲ್-ಖಸೀಮ್ ಪ್ರಾಂತ್ಯದ ರಾಜಧಾನಿ ಬುರೈದಾ. ಖರ್ಜೂರದ ಮಾರುಕಟ್ಟೆಗೂ ಒಂಟೆಯ ಸಂತೆಗೂ ಹೆಸರಾದ ಈ ನಗರ ನಜ್ದ್ ಪ್ರಸ್ಥಭೂಮಿಯ ನಡುವೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ದಮ್ಮಾಮಿಗೆ ಹೋದರೂ ಪಶ್ಚಿಮಕ್ಕೆ ಜೆದ್ದಾಕ್ಕೆ ಹೋದರೂ ರಸ್ತೆಯಲ್ಲಿ ಏಳುನೂರು ಕಿಲೋಮೀಟರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ದೂರವಾಗುತ್ತದೆ. ಇಂಥ ಊರಿನಲ್ಲಿ ಜಲವಾಹನಕ್ಕೇನು ಕೆಲಸ ಎಂದು ಕೇಳಬಹುದು. ಆದರೂ ಇಲ್ಲಿನ ಇಸ್ತಿರಾಹಗಳ ಹೌಶಿನಲ್ಲಿ, ತೋಟದ ಶೆಡ್ಡಿನಲ್ಲಿ, ಮನೆಯ ಕಾರಿನ ಚಾವಣಿಯ ಕೆಳಗೆ ಹೊದಿಕೆ ಹೊದ್ದ ಜೆಟ್ ಸ್ಕೀ ಕಾಣಸಿಗುವುದು ಅಪರೂಪವೇನಲ್ಲ. ರಜೆ ಬಂದಾಗ ಅದನ್ನು ಟ್ರೈಲರಿನಲ್ಲಿ ಕಟ್ಟಿ ಖೋಬರ್ ಬಳಿಯ ಅರ್ಧಚಂದ್ರ ಕೊಲ್ಲಿಗೋ ಜೆದ್ದಾದ ಒಬ್ಹುರ್ ಹಿನ್ನೀರಿಗೋ ಒಯ್ಯುತ್ತಾರೆ. ವರ್ಷದಲ್ಲಿ ಹತ್ತಾರು ದಿನ ನೀರು, ಮಿಕ್ಕಿದ್ದೆಲ್ಲ ನೆಲ. ಆದ್ದರಿಂದ ಬುರೈದಾದ ಜೆಟ್ ಸ್ಕೀ ಹಾಳಾಗುವುದಾದರೆ ಅದು ಅಲೆಯ ಹೊಡೆತಕ್ಕಿಂತ ಹೆಚ್ಚಾಗಿ ನಿಲ್ಲಿಸಿಟ್ಟ ರೀತಿಯಿಂದಲೇ.

ಈ ವಾಹನಗಳನ್ನು ನೋಡಿಕೊಳ್ಳುವ ಕೈಗಳಲ್ಲಿ ನಮ್ಮವರ ಕೈಗಳೂ ಇವೆ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಕಡೆಯಿಂದ ಹೋದ ಚಾಲಕರು, ಮೆಕ್ಯಾನಿಕರು, ತೋಟ-ಇಸ್ತಿರಾಹಗಳ ಉಸ್ತುವಾರಿ ನೋಡುವವರು ಕೊಲ್ಲಿನಾಡಿನ ಒಳಪ್ರಾಂತ್ಯಗಳಲ್ಲೂ ಇದ್ದಾರೆ. ಯಜಮಾನನ ದುಬಾರಿ ವಾಹನವೊಂದು ತಮ್ಮ ವಶದಲ್ಲಿರುವಾಗ ಅದರ ತಳದಲ್ಲಿ ಬಿರುಕು ಕಂಡರೆ ಪ್ರಶ್ನೆ ಮೊದಲು ಬರುವುದು ಅವರಿಗೇ. ಈ ಲೇಖನ ಅಂಥವರಿಗೂ, ಸ್ವಂತ ವಾಹನವುಳ್ಳ ಕುಟುಂಬಗಳಿಗೂ, ವಿಷಯವನ್ನು ತಿಳಿಯಬಯಸುವ ಉಳಿದ ಓದುಗರಿಗೂ ಉದ್ದಿಷ್ಟವಾದುದು.

ಹೆಸರು ಮತ್ತು ರಚನೆ

ಜೆಟ್ ಸ್ಕೀ ಎಂಬುದು ಮೂಲತಃ ಜಪಾನಿನ ಕವಾಸಾಕಿ ಕಂಪನಿಯ ವಾಣಿಜ್ಯ ಹೆಸರು. 1970ರ ದಶಕದ ಆರಂಭದಲ್ಲಿ ಆ ಕಂಪನಿ ನಿಂತು ಓಡಿಸುವ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲು, 1968ರಲ್ಲಿ, ಕೆನಡಾದ ಬೊಂಬಾರ್ಡಿಯರ್ ಕಂಪನಿ ಸೀ-ಡೂ ಹೆಸರಿನ ವಾಹನವನ್ನು ಹೊರತಂದಿತ್ತು. ಈ ಎರಡು ಪ್ರಯತ್ನಗಳ ಹಿಂದೆಯೂ ಕ್ಲೇಟನ್ ಜೇಕಬ್ಸನ್ ಎಂಬ ಅಮೆರಿಕದ ಸಂಶೋಧಕನ ಕಲ್ಪನೆಯಿತ್ತು. ಯಮಾಹಾ ಕಂಪನಿಯ ವೇವ್ ರನ್ನರ್ ಬಂದದ್ದು 1980ರ ದಶಕದಲ್ಲಿ. ವನಸ್ಪತಿಗೆಲ್ಲ ಡಾಲ್ಡಾ ಎಂದೂ ನೆರಳಚ್ಚಿಗೆಲ್ಲ ಝೆರಾಕ್ಸ್ ಎಂದೂ ಹೇಳುವ ಹಾಗೆ ಇಂದು ಎಲ್ಲ ಕಂಪನಿಗಳ ವಾಹನವೂ ಜನರ ಬಾಯಲ್ಲಿ ಜೆಟ್ ಸ್ಕೀಯೇ. ಸೌದಿಯ ಆಡುಮಾತಿನಲ್ಲಿ ಇದಕ್ಕೆ ‘ದಬ್ಬಾಬ್ ಬಹ್ರೀ’, ಅಂದರೆ ಕಡಲ ಮೋಟಾರ್ ಬೈಕು, ಎಂಬ ಹೆಸರೂ ಉಂಟು. ಮಲ್ಪೆ, ಪಣಂಬೂರು ಕಡಲತೀರಗಳಿಗೆ ಹೋದವರು ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಇದೇ ವಾಹನವನ್ನು ನೋಡಿರುತ್ತಾರೆ.

ವಾಹನದ ಶರೀರ ಎರಡು ಚಿಪ್ಪುಗಳಿಂದ ಆದದ್ದು. ಕೆಳಗಿನದು ಒಡಲು, ಮೇಲಿನದು ಮೇಲಟ್ಟ. ಎರಡನ್ನೂ ಅಂಚಿನಲ್ಲಿ ಬೆಸೆದು ಒಳಗೆ ಎಂಜಿನನ್ನೂ ಇಂಧನದ ತೊಟ್ಟಿಯನ್ನೂ ಕೂರಿಸಿರುತ್ತಾರೆ. ಒಡಲಿನ ಅಡಿಯಲ್ಲಿ ನಡುವೆ ಉದ್ದಕ್ಕೂ ಸಾಗುವ ಗೆರೆ ಕೀಲ್. ಅದರ ಎರಡೂ ಪಕ್ಕದಲ್ಲಿ ಇಳಿಜಾರಾದ ಹಲಗೆಯಂಥ ಭಾಗಗಳು, ಅವುಗಳ ಮೇಲೆ ಉದ್ದುದ್ದ ಉಬ್ಬುಗೆರೆಗಳು, ಕೊನೆಗೆ ತಳವೂ ಪಕ್ಕೆಯೂ ಕೂಡುವ ಮೂಲೆಗೆರೆ. ಕೀಲ್, ಉಬ್ಬುಗೆರೆ ಮತ್ತು ಮೂಲೆಗೆರೆಗಳು ಮಡಿಕೆಯಿಂದಾಗಿ ಗಟ್ಟಿ. ಅವುಗಳ ನಡುವಿನ ಚಪ್ಪಟೆ ಭಾಗ ತೆಳು, ಒತ್ತಿದರೆ ಬಾಗುವಂಥದು. ಹಿಂಬದಿಯ ಅಡಿಯಲ್ಲಿ ನೀರು ಹೀರುವ ಜಾಲರಿ, ಪಂಪನ್ನು ಮುಚ್ಚುವ ತಟ್ಟೆ, ನೀರು ಚಿಮ್ಮುವ ಕೊಳವೆ ಇರುತ್ತವೆ. ಇವು ಭಾರ ಹೊರುವ ಭಾಗಗಳಲ್ಲ.

ಒಡಲನ್ನು ಮಾಡುವ ವಸ್ತುವೂ ಒಂದೇ ಬಗೆಯದಲ್ಲ. ಹಲವು ಮಾದರಿಗಳು ಗಾಜಿನ ನೂಲನ್ನು ರೆಸಿನ್ನಿನಲ್ಲಿ ಅದ್ದಿ ಅಚ್ಚೊತ್ತಿದ ಫೈಬರ್ ಗ್ಲಾಸಿನವು. 2014ರಲ್ಲಿ ಬಂದ ಸೀ-ಡೂ ಸ್ಪಾರ್ಕಿನಂಥ ಹಗುರ ಮಾದರಿಗಳಲ್ಲಿ ಗಾಜಿನ ನೂಲು ಸೇರಿಸಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಇದೆ. ಫೈಬರ್ ಗ್ಲಾಸ್ ಬಿಗಿಯಾದುದು, ಮಿತಿ ಮೀರಿದರೆ ಬಿರಿಯುತ್ತದೆ. ಪಾಲಿಪ್ರೊಪಿಲೀನ್ ಮೊದಲು ಬಾಗುತ್ತದೆ, ಬಹುಕಾಲ ಬಾಗಿದ್ದರೆ ಹಾಗೆಯೇ ನಿಲ್ಲುತ್ತದೆ. ತಮ್ಮ ವಶದಲ್ಲಿರುವ ವಾಹನ ಯಾವ ಬಗೆಯದೆಂಬುದನ್ನು ಕೈಪಿಡಿಯಿಂದ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ದುರಸ್ತಿಯ ವಿಧಾನವೂ ಅದನ್ನೇ ಅವಲಂಬಿಸಿದೆ.

ನೀರು ಹೊರುವ ಭಾರ, ನೆಲ ಹೊರುವ ಭಾರ

ಮೂವರು ಕೂರುವ ಸಾಮಾನ್ಯ ಜೆಟ್ ಸ್ಕೀಯ ತೂಕ ಸುಮಾರು 350 ಕಿಲೋ ಎಂದಿಟ್ಟುಕೊಳ್ಳೋಣ. ತೊಟ್ಟಿಯಲ್ಲಿ 40 ಲೀಟರ್ ಪೆಟ್ರೋಲಿದ್ದರೆ ಅದರ ತೂಕ ಸುಮಾರು 30 ಕಿಲೋ. ಒಟ್ಟು 380 ಕಿಲೋ. ಈ ಭಾರವನ್ನು ಮೂರು ಬಗೆಯ ಆಸರೆಗಳು ಹೇಗೆ ಹೊರುತ್ತವೆ ಎಂಬ ಸರಳ ಲೆಕ್ಕ ನೋಡಿದರೆ ಉಳಿದೆಲ್ಲ ನಿಯಮಗಳ ಕಾರಣ ತಿಳಿಯುತ್ತದೆ.

ನೀರಿನಲ್ಲಿ ತೇಲುವಾಗ ಒಡಲಿನ ಸುಮಾರು ಎರಡೂವರೆ ಚದರ ಮೀಟರ್ ಭಾಗ ನೀರಿಗೆ ತಾಗಿರುತ್ತದೆ ಎಂದು ಭಾವಿಸಿದರೆ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ ಸರಾಸರಿ 15 ಗ್ರಾಂ ಮಾತ್ರ. ನೀರು ಒಡಲಿನ ಆಕಾರಕ್ಕೆ ತಾನೇ ಹೊಂದಿಕೊಳ್ಳುವುದರಿಂದ ಎಲ್ಲಿಯೂ ಒಂದೇ ಕಡೆ ಒತ್ತುವುದಿಲ್ಲ. ಅದೇ ವಾಹನವನ್ನು 1.8 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಎರಡು ಮರದ ಪಟ್ಟಿಗಳ ಮೇಲೆ ಸರಿಯಾಗಿ ಕೂರಿಸಿದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ ಆಗುತ್ತದೆ. ನೀರಿನದಕ್ಕಿಂತ ಏಳು ಪಟ್ಟು ಹೆಚ್ಚಾದರೂ ಒಡಲಿಗೆ ಇದು ದೊಡ್ಡದಲ್ಲ. ಇನ್ನು ನಾಲ್ಕು ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕುಗಳ ಮೇಲಿಟ್ಟರೆ? ಇಳಿಜಾರಾದ ತಳ ಇಟ್ಟಿಗೆಯ ಇಡೀ ಮೇಲ್ಮೈಗೆ ತಾಗದೆ ಅಂಚಿಗೆ ಮಾತ್ರ ತಾಗುತ್ತದೆ. ಒಂದೊಂದರಲ್ಲಿ ಹತ್ತು ಚದರ ಸೆಂಟಿಮೀಟರ್ ತಾಗಿದರೂ ಒತ್ತಡ ಚದರ ಸೆಂಟಿಮೀಟರಿಗೆ ಒಂಬತ್ತೂವರೆ ಕಿಲೋ. ನೀರಿನದಕ್ಕೆ ಹೋಲಿಸಿದರೆ ಆರುನೂರು ಪಟ್ಟಿಗಿಂತ ಹೆಚ್ಚು. ಒಡಲು ಬಿರಿಯುವುದು ಭಾರ ಹೆಚ್ಚಾದುದರಿಂದಲ್ಲ, ಅದೇ ಭಾರ ಕಿರಿದಾದ ಜಾಗದಲ್ಲಿ ಕೂಡಿಬಿದ್ದುದರಿಂದ.

ಕರಾವಳಿಯವರಿಗೆ ಈ ತತ್ತ್ವ ಹೊಸದಲ್ಲ. ಕರ್ನಾಟಕದ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲ ಬರುವ ಮೊದಲು ದೋಣಿಗಳನ್ನು ದಡಕ್ಕೆ ಎಳೆದು, ಅಡಿಗೆ ಮರ ಕೊಟ್ಟು, ಮೇಲೆ ಮಡಲು ಅಥವಾ ಟಾರ್ಪಾಲಿನ ಹೊದಿಕೆ ಹಾಕುವುದು ಅಲ್ಲಿನ ರೂಢಿ. ಭಾರವನ್ನು ನಡುಗೆರೆಯ ಉದ್ದಕ್ಕೂ ಹಂಚಬೇಕು, ಪಕ್ಕದ ಊರೆಗೋಲು ದೋಣಿ ಮಗುಚದಂತೆ ತಡೆಯಲು ಮಾತ್ರ, ಭಾರ ಹೊರಲು ಅಲ್ಲ. ಬುರೈದಾದಲ್ಲೂ ಪಾಲಿಸಬೇಕಾದುದು ಇದನ್ನೇ. ಶತ್ರು ಮಾತ್ರ ಬೇರೆ. ಅಲ್ಲಿ ಮಳೆಯ ನೀರು, ಇಲ್ಲಿ ಬಿಸಿಲು ಮತ್ತು ಮರಳು.

ಬಿಸಿಲು ಮಾಡುವ ಕೆಲಸ

ಬೇಸಗೆಯಲ್ಲಿ ಬುರೈದಾದ ಹಗಲಿನ ಉಷ್ಣತೆ 43-45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಇದು ನೆರಳಿನ ಗಾಳಿಯ ಅಳತೆ. ನೇರ ಬಿಸಿಲಿಗೆ ಒಡ್ಡಿದ ಕಪ್ಪು ಬಣ್ಣದ ಮೇಲ್ಮೈ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಹಲವು ಪ್ಲಾಸ್ಟಿಕ್ಕುಗಳು ಕರಗುವುದಕ್ಕೆ ಬಹಳ ಮುಂಚೆಯೇ ಮೃದುವಾಗತೊಡಗುತ್ತವೆ. ಹಾಗೆ ಮೃದುವಾದಾಗ ಒಂದೇ ಸಮನೆ ಭಾರ ಬಿದ್ದಿದ್ದರೆ ವಸ್ತು ನಿಧಾನವಾಗಿ ಜರುಗಿ ಆಕಾರ ಬದಲಿಸುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಪುಸ್ತಕಗಳ ಭಾರಕ್ಕೆ ಕಪಾಟಿನ ಹಲಗೆ ವರ್ಷಗಳಲ್ಲಿ ಬಾಗುವುದು ಇದೇ ಗುಣದಿಂದ. ತಂಪು ದೇಶದ ಗ್ಯಾರೇಜಿನಲ್ಲಿ ಏನೂ ಆಗದೆ ಉಳಿಯಬಹುದಾದ ತಪ್ಪು ಆಸರೆ ಬುರೈದಾದ ಒಂದು ಬೇಸಗೆಯಲ್ಲಿ ಒಡಲಿನ ಮೇಲೆ ಗುರುತು ಮೂಡಿಸಬಲ್ಲದು.

ಇದರ ಪರಿಣಾಮ ನೋಟಕ್ಕೆ ಸಣ್ಣದು, ಓಟಕ್ಕೆ ದೊಡ್ಡದು. ಹಿಂಭಾಗದ ಸಪಾಟಾದ ತಳದಲ್ಲಿ ಉದ್ದಕ್ಕೆ ಒಂದು ತಗ್ಗು ಬಿದ್ದರೆ ವೇಗದಲ್ಲಿ ನೀರಿನ ಹರಿವು ಬದಲಾಗಿ ಮೂತಿ ಕೆಳಗೆ ಒತ್ತಲ್ಪಡುತ್ತದೆ, ವೇಗ ಕುಗ್ಗುತ್ತದೆ. ತಳ ಉಬ್ಬಿದ್ದರೆ ಮೂತಿ ಮೇಲೆ ಕೆಳಗೆ ಕುಣಿಯುವ ದೋಷ ಬರುತ್ತದೆ. ಎಂಜಿನ್ ಕೂತ ಜಾಗದಲ್ಲಿ ತಳ ಬಾಗಿದರೆ ಎಂಜಿನಿನಿಂದ ಪಂಪಿಗೆ ಹೋಗುವ ದಂಡದ ನೇರವೇ ತಪ್ಪಿ, ನಡುಕ ಹೆಚ್ಚಿ, ಬೇರಿಂಗುಗಳು ಬೇಗ ಸವೆಯಬಹುದು.

ಆಸರೆಯನ್ನು ಕೂರಿಸುವ ಕ್ರಮ

ಉತ್ತಮ ಆಸರೆಯೆಂದರೆ ಉದ್ದಕ್ಕೆ ಸಾಗುವ ಎರಡು ಹಾಸುಪಟ್ಟಿಗಳು. ಟ್ರೈಲರಿನಲ್ಲಾಗಲಿ ನೆಲದ ಸ್ಟ್ಯಾಂಡಿನಲ್ಲಾಗಲಿ ನಿಯಮ ಒಂದೇ.

ಪಟ್ಟಿಯ ಉದ್ದ ಒಡಲಿನ ಉದ್ದದ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಿರಲಿ. ಪಟ್ಟಿಯ ಹಿಂದಿನ ತುದಿ ಒಡಲಿನ ಹಿಂಬದಿಯ ಗೋಡೆಯ ಸಮೀಪದವರೆಗೆ ಬರಬೇಕು. ಎಂಜಿನ್ ಮತ್ತು ಪಂಪಿನಿಂದಾಗಿ ತೂಕದ ದೊಡ್ಡ ಪಾಲು ಹಿಂದೆಯೇ ಇದೆ. ಹಿಂಭಾಗ ಆಸರೆಯಿಲ್ಲದೆ ಹೊರಚಾಚಿದ್ದರೆ ಪಟ್ಟಿಯ ತುದಿಯೇ ಮಡಿಕೆಯ ಗೆರೆಯಾಗಿ ತಳವನ್ನು ಒತ್ತುತ್ತದೆ.

ಪಟ್ಟಿ ಉಬ್ಬುಗೆರೆಯ ಮೇಲೆ ಅರ್ಧ, ಚಪ್ಪಟೆಯಲ್ಲಿ ಅರ್ಧ ಕೂರಬಾರದು. ಎರಡು ಉಬ್ಬುಗೆರೆಗಳ ನಡುವಿನ ಜಾಗಕ್ಕೆ ಪೂರ್ತಿಯಾಗಿ ತಾಗುವ ಹಾಗೆ, ಗಟ್ಟಿ ಗೆರೆಯ ಪಕ್ಕಕ್ಕೇ ಇರಲಿ. ತಯಾರಕರ ಕೈಪಿಡಿಯಲ್ಲಿ ಪಟ್ಟಿಗಳ ನಡುವಿನ ಅಂತರ ಕೊಟ್ಟಿದ್ದರೆ ಅದೇ ಅಂತಿಮ.

ತಳದ ಇಳಿಜಾರು ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪಟ್ಟಿಯೂ ಅದೇ ಕೋನಕ್ಕೆ ಓರೆಯಾಗಬೇಕು. ದಪ್ಪ ರಟ್ಟೊಂದನ್ನು ತಳಕ್ಕೆ ಹಿಡಿದು ಆಕಾರ ಕತ್ತರಿಸಿಕೊಂಡು, ಅದರಂತೆ ಮರವನ್ನು ಕೂರಿಸಬಹುದು. ವಾಹನ ಇಳಿಸಿದ ಮೇಲೆ ಪಟ್ಟಿಗೂ ಒಡಲಿಗೂ ನಡುವೆ ಕಾಗದದ ತುಂಡನ್ನು ತೂರಿಸಿ ನೋಡಿರಿ. ಉದ್ದಕ್ಕೂ ಎಲ್ಲಿಯೂ ಸಲೀಸಾಗಿ ಒಳಹೋಗದಿದ್ದರೆ ಕೂಡುವಿಕೆ ಸರಿಯಾಗಿದೆ.

ಪಟ್ಟಿಗೆ ಕಂಬಳಿಯಂಥ ಹಾಸು ಹೊದಿಸಿರುತ್ತಾರೆ. ಅದನ್ನು ಹಿಡಿದಿಡುವ ಸ್ಕ್ರೂ, ಪಿನ್ನುಗಳ ತಲೆ ಮರದೊಳಗೆ ಇಳಿದಿರಬೇಕು. ಬುರೈದಾದ ಒಣ ಗಾಳಿಗೆ ಮರ ಕುಗ್ಗಿ ಸೀಳುವುದರಿಂದ ಮುಳುಗಿದ್ದ ಸ್ಕ್ರೂ ಮತ್ತೆ ತಲೆಯೆತ್ತಬಹುದು. ಧೂಳಿನ ಬಿರುಗಾಳಿಯ ನಂತರ ಹಾಸಿನಲ್ಲಿ ಸೇರಿಕೊಂಡ ಮರಳು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಪ್ರಯಾಣದ ಮುನ್ನ ಅದನ್ನು ಬ್ರಷ್ಷಿನಿಂದಲೋ ವ್ಯಾಕ್ಯೂಮಿನಿಂದಲೋ ತೆಗೆಯಬೇಕು.

ರೋಲರುಗಳಿರುವ ಟ್ರೈಲರಿನಲ್ಲಿ ವಾಹನ ಹತ್ತಿಸುವುದು ಇಳಿಸುವುದು ಸುಲಭ. ಆದರೆ ಪ್ರತಿ ರೋಲರ್ ತಾಗುವುದು ಒಂದು ಸಣ್ಣ ಗೆರೆಯಲ್ಲಿ ಮಾತ್ರ. ದಿನದ ಸವಾರಿಗೆ ಅಡ್ಡಿಯಿಲ್ಲ, ತಿಂಗಳುಗಟ್ಟಲೆ ನಿಲ್ಲಿಸಿಡಲು ಯೋಗ್ಯವಲ್ಲ.

ಕೈಗೆ ಸಿಕ್ಕಿದ ಆಸರೆಗಳು

ತೋಟದಲ್ಲಿ ಟ್ರೈಲರನ್ನು ಬೇರೆ ಕೆಲಸಕ್ಕೆ ಬಿಡಿಸಿಕೊಂಡು, ವಾಹನವನ್ನು ಸಿಕ್ಕಿದ್ದರ ಮೇಲೆ ಇಳಿಸುವುದುಂಟು. ಅವುಗಳ ಗುಣದೋಷ ಹೀಗಿದೆ.

ಹಳೆಯ ಟಯರುಗಳು ಒಂದೆರಡು ದಿನಕ್ಕೆ ಪರವಾಗಿಲ್ಲ, ಬಾಗಿ ಕೊಡುತ್ತವೆ. ಬಹುಕಾಲ ಇಟ್ಟರೆ ಕಪ್ಪು ರಬ್ಬರಿನ ಎಣ್ಣೆಯಂಶ ಬಿಸಿಗೆ ಹೊರಬಂದು ಒಡಲಿನ ಬಣ್ಣದಲ್ಲಿ ಹೋಗದ ಕಲೆಯಾಗುತ್ತದೆ. ಖರ್ಜೂರದ ಮರದ ದುಂಡು ದಿಮ್ಮಿಗಳು ಗೆರೆಯೊಂದರಲ್ಲೇ ತಾಗುತ್ತವೆ, ಅಡ್ಡಲಾಗಿ ಇಟ್ಟರಂತೂ ಕೀಲಿನ ಒಂದೆರಡು ಬಿಂದುಗಳ ಮೇಲೆ ಎಲ್ಲ ಭಾರ ಬೀಳುತ್ತದೆ. ಮರಳಿನ ಹಾಸು ನೀರಿನಂತೆಯೇ ಆಕಾರಕ್ಕೆ ಹೊಂದಿಕೊಳ್ಳುವುದರಿಂದ ಒಡಲಿಗೆ ಮೃದುವೇ. ಆದರೆ ಜಾಲರಿಯ ಮೂಲಕ ಪಂಪಿನೊಳಗೆ ಸೇರಿದ ಮರಳು ತಿರುಗುವ ಚಕ್ರವನ್ನೂ ಅದರ ಸುತ್ತಲಿನ ಉಂಗುರವನ್ನೂ ಸವೆಸುತ್ತದೆ. ಮರಳಿನ ಮೇಲಿಟ್ಟ ವಾಹನದ ಪಂಪನ್ನು ತೊಳೆಯದೆ ಎಂಜಿನ್ ಚಾಲೂ ಮಾಡಬಾರದು.

ಬೇರೆ ಏನೂ ಇಲ್ಲದಾಗ ಮಾಡಬಹುದಾದ ಉತ್ತಮ ವ್ಯವಸ್ಥೆ ಇದು: ಸಮತಟ್ಟಾದ ನೆಲದ ಮೇಲೆ ಬ್ಲಾಕುಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ಎರಡು ಮೀಟರಿನ ದಪ್ಪ ಹಲಗೆಗಳನ್ನು ಉದ್ದಕ್ಕೆ ಹಾಸಿ, ಹಲಗೆಯ ಮೇಲೆ ಬಿಳಿಯ ಅಥವಾ ತಿಳಿಬಣ್ಣದ ಗಟ್ಟಿ ಫೋಮು ಹಾಕಿ, ಅದರ ಮೇಲೆ ಒಡಲನ್ನು ಇಳಿಸುವುದು. ಬ್ಲಾಕು ನೆಲಕ್ಕೆ, ಹಲಗೆ ಒಡಲಿಗೆ. ಬ್ಲಾಕು ನೇರವಾಗಿ ಒಡಲಿಗೆ ತಾಗಬಾರದು. ಕೀಲ್ ನೆಲದಿಂದ ಮೇಲೇ ಇರಲಿ, ಪಂಪಿನ ತಟ್ಟೆಗೂ ನೀರು ಚಿಮ್ಮುವ ಕೊಳವೆಗೂ ಯಾವ ಭಾರವೂ ಬೀಳದಿರಲಿ.

ಎತ್ತುವಾಗ ಹಿಡಿ, ಸೀಟು, ಚುಕ್ಕಾಣಿ ಕೊಳವೆಗಳನ್ನು ಹಿಡಿದು ಎತ್ತಬಾರದು. ಅಗಲವಾದ ಬೆಲ್ಟುಗಳನ್ನು ಒಡಲಿನಡಿ ಹಾಯಿಸಿ, ಬೆಲ್ಟು ಪಕ್ಕೆಯನ್ನು ಹಿಂಡದಂತೆ ಮೇಲೆ ಅಡ್ಡ ಕೋಲು ಕೊಟ್ಟು ಎತ್ತಬೇಕು. ಪಕ್ಕಕ್ಕೆ ಹೊರಳಿಸಲೇಬೇಕಾದರೆ ಯಾವ ಪಕ್ಕಕ್ಕೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ತಪ್ಪು ಪಕ್ಕಕ್ಕೆ ಹೊರಳಿಸಿದರೆ ಹೊಗೆಕೊಳವೆಯ ನೀರು ಎಂಜಿನಿನೊಳಗೆ ಹೋಗಬಹುದು.

ಕಟ್ಟುವ ಬೆಲ್ಟು, ನಿಲ್ಲಿಸುವ ಟ್ರೈಲರ್

ಏಳುನೂರು ಕಿಲೋಮೀಟರಿನ ಓಟಕ್ಕೆ ವಾಹನವನ್ನು ಬಿಗಿಯಾಗಿ ಕಟ್ಟಲೇಬೇಕು. ಮೂತಿಗೆ ವಿಂಚಿನ ಹಗ್ಗವಲ್ಲದೆ ಒಂದು ಸುರಕ್ಷಾ ಸರಪಳಿ, ಹಿಂದೆ ಎರಡು ಬೆಲ್ಟುಗಳು. ಆದರೆ ಆ ಬಿಗಿತ ದಾರಿಗೆ ಮಾತ್ರ ಸೀಮಿತ. ಒಡಲಿನ ತೂಕದ ಜೊತೆಗೆ ಬೆಲ್ಟಿನ ಎಳೆತವೂ ಹಾಸುಪಟ್ಟಿಯ ಮೇಲೆ ಬೀಳುತ್ತದೆ. ಮನೆಗೆ ಬಂದೊಡನೆ ಹಿಂದಿನ ಬೆಲ್ಟುಗಳನ್ನು ಸಡಿಲಿಸಬೇಕು. ಬೇಸಗೆಯಿಡೀ ಬಿಗಿದ ಬೆಲ್ಟಿನಡಿ ನಿಂತ ವಾಹನಕ್ಕೂ ಮೈಮೇಲೆ ಇನ್ನೊಂದು ಹೊರೆ ಹೊತ್ತು ನಿಂತ ವಾಹನಕ್ಕೂ ವ್ಯತ್ಯಾಸವಿಲ್ಲ.

ಟ್ರೈಲರಿನ ಚಕ್ರಗಳಿಗೆ ಮುಂದೆ ಹಿಂದೆ ತಡೆ ಕೊಟ್ಟು, ಅಚ್ಚಿನ ಕೆಳಗೆ ಸ್ಟ್ಯಾಂಡ್ ಇಟ್ಟು ಟಯರಿನ ಭಾರ ಇಳಿಸುವುದು ಒಳ್ಳೆಯದು. ಒಂದು ಟಯರಿನ ಗಾಳಿ ಇಳಿದರೆ ಟ್ರೈಲರ್ ಓರೆಯಾಗಿ ಒಂದೇ ಪಟ್ಟಿಯ ಮೇಲೆ ಭಾರ ಹೆಚ್ಚುತ್ತದೆ. ಮೂತಿ ಹಿಂಭಾಗಕ್ಕಿಂತ ತುಸು ಎತ್ತರವಾಗಿರಲಿ. ಹಿಂಬದಿಯ ಡ್ರೈನ್ ಪ್ಲಗ್ಗುಗಳನ್ನು ಬಿಚ್ಚಿಟ್ಟರೆ ಒಳಗಿನ ನೀರು ಹರಿದುಹೋಗುತ್ತದೆ. ಒಳಗೆ 50 ಲೀಟರ್ ನೀರು ಉಳಿದರೆ ಅದು 50 ಕಿಲೋ ಹೆಚ್ಚುವರಿ ಭಾರ. ಬಿಚ್ಚಿದ ಪ್ಲಗ್ಗುಗಳನ್ನು ಚಾಲನೆಯ ಕೀಲಿಯ ಜೊತೆಗೇ ಕಟ್ಟಿಡುವುದು ಹಳಬರ ಕ್ರಮ. ಪ್ಲಗ್ ಹಾಕದೆ ನೀರಿಗಿಳಿಸಿದ ಜೆಟ್ ಸ್ಕೀ ಮುಳುಗುತ್ತದೆ.

ತೊಳೆಯುವುದು, ಹೊದಿಸುವುದು

ಸಾಗರಗಳ ನೀರಿನಲ್ಲಿ ಲೀಟರಿಗೆ ಸರಾಸರಿ 35 ಗ್ರಾಂ ಉಪ್ಪಿದ್ದರೆ ಕೆಂಪು ಸಮುದ್ರದಲ್ಲೂ ಕೊಲ್ಲಿಯಲ್ಲೂ 40 ಗ್ರಾಂ ಅಥವಾ ಹೆಚ್ಚು. ಮರಳುವ ಮೊದಲೇ ಸಿಹಿನೀರಿನಲ್ಲಿ ತೊಳೆಯಬೇಕು. ಎಂಜಿನಿನ ಒಳದಾರಿಗೆ ನೀರು ಹಾಯಿಸುವಾಗ ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನೀರು ಬಿಡುವುದು, ಕೊನೆಯಲ್ಲಿ ಮೊದಲು ನೀರು ನಿಲ್ಲಿಸಿ ಆಮೇಲೆ ಎಂಜಿನ್ ಆರಿಸುವುದು ರೂಢಿಯ ಕ್ರಮ. ಕ್ರಮ ತಪ್ಪಿದರೆ ನೀರು ಎಂಜಿನಿಗೆ ನುಗ್ಗುವ ಅಪಾಯವಿದೆ. ಹಾಸುಪಟ್ಟಿಯ ಹಾಸನ್ನೂ ತೊಳೆಯಿರಿ, ಅಲ್ಲಿ ಒಣಗಿದ ಉಪ್ಪು ಟ್ರೈಲರಿನ ಕಬ್ಬಿಣವನ್ನು ತಿನ್ನುತ್ತದೆ. ಜನವರಿಯ ಕೆಲವು ರಾತ್ರಿಗಳಲ್ಲಿ ಬುರೈದಾದ ಉಷ್ಣತೆ ಶೂನ್ಯದ ಸಮೀಪಕ್ಕೆ ಇಳಿಯುವುದರಿಂದ ಕೊಳವೆಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ನೆರಳಿಗಿಂತ ಒಳ್ಳೆಯ ಹೊದಿಕೆಯಿಲ್ಲ. ಚಾವಣಿಯ ಕೆಳಗೆ, ಗಾಳಿಯಾಡುವ ಕಡೆ ನಿಲ್ಲಿಸಿ, ತಿಳಿಬಣ್ಣದ, ಉಸಿರಾಡುವ ಬಟ್ಟೆಯ ಕವಚ ಹಾಕಿರಿ. ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುವುದು ಬೇಡ, ಅದು ಬಿಸಿಯನ್ನು ಹಿಡಿದಿಡುತ್ತದೆ. ಪೆಟ್ರೋಲ್ ಕಾದರೆ ಹಿಗ್ಗುತ್ತದೆ. 60 ಲೀಟರ್ ಪೆಟ್ರೋಲಿನ ಬಿಸಿ 30 ಡಿಗ್ರಿ ಏರಿದರೆ ಗಾತ್ರ ಸುಮಾರು ಒಂದೂಮುಕ್ಕಾಲು ಲೀಟರ್ ಹೆಚ್ಚುತ್ತದೆ. ಆದ್ದರಿಂದ ತೊಟ್ಟಿಯನ್ನು ಕಂಠಮಟ್ಟ ತುಂಬದೆ ಜಾಗ ಬಿಡಬೇಕು. ಮುಚ್ಚಿದ ಕೋಣೆಯಲ್ಲಿ ಇಡುವುದಾದರೆ ಪೆಟ್ರೋಲಿನ ಆವಿ ಹೊರಹೋಗಲು ದಾರಿಯಿರಲಿ.

ತಪಾಸಣೆ ಮತ್ತು ಹೊಣೆ

ಎರಡು ತಿಂಗಳಿಗೊಮ್ಮೆ ಕಾಲು ಗಂಟೆ ಸಾಕು. ಒಂದು ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ತಳದ ಸಪಾಟು ಭಾಗಕ್ಕೆ ಉದ್ದಕ್ಕೆ ಹಿಡಿದು ಬೆಳಕು ನುಸುಳುವ ಕಡೆ ಗುರುತು ಮಾಡಿರಿ. ಮುಂದಿನ ಸಲ ಆ ಅಂತರ ಹೆಚ್ಚಿದ್ದರೆ ಆಸರೆ ಸರಿಯಿಲ್ಲ. ಫೈಬರ್ ಗ್ಲಾಸಿನ ಒಡಲನ್ನು ನಾಣ್ಯದಿಂದ ತಟ್ಟಿರಿ. ಗಟ್ಟಿ ಜಾಗದಲ್ಲಿ ಖಣಿ ದನಿ, ಪದರ ಬಿಟ್ಟ ಜಾಗದಲ್ಲಿ ಮಂದ ದನಿ ಬರುತ್ತದೆ. ಜೇಡರ ಬಲೆಯಂಥ ಸಣ್ಣ ಬಿರುಕುಗಳು ಪಟ್ಟಿಯ ತುದಿಯ ಸುತ್ತ ಕಂಡರೆ ಅಲ್ಲಿ ಒತ್ತಡ ಕೂಡಿದೆ ಎಂದೇ ಅರ್ಥ. ಫೈಬರ್ ಗ್ಲಾಸಿನ ಬಿರುಕನ್ನು ಕೆತ್ತಿ ರೆಸಿನ್ ತುಂಬಿ ಸರಿಪಡಿಸಬಹುದು. ಪಾಲಿಪ್ರೊಪಿಲೀನಿಗೆ ಅದೇ ರೆಸಿನ್ ಅಂಟುವುದಿಲ್ಲ, ಅದಕ್ಕೆ ಪ್ಲಾಸ್ಟಿಕ್ ಬೆಸುಗೆಯೇ ಬೇಕು.

ಕೆಲಸದ ಭಾಗವಾಗಿ ಪರರ ವಾಹನ ನೋಡಿಕೊಳ್ಳುವವರಿಗೆ ಇನ್ನೂ ಒಂದು ವಿಷಯ ತಿಳಿದಿರಬೇಕು. ಸೌದಿಯ 2005ರ ಕಾರ್ಮಿಕ ಕಾನೂನಿನ 91ನೇ ವಿಧಿಯ ಪ್ರಕಾರ, ಕೆಲಸಗಾರನ ತಪ್ಪಿನಿಂದ ಅಥವಾ ಸೂಚನೆ ಮೀರಿದ್ದರಿಂದ ಮಾಲೀಕನ ಯಂತ್ರಕ್ಕೆ ಹಾನಿಯಾದರೆ ದುರಸ್ತಿಯ ಮೊತ್ತವನ್ನು ಸಂಬಳದಲ್ಲಿ ಹಿಡಿಯಬಹುದು. ಆದರೆ ತಿಂಗಳಿಗೆ ಐದು ದಿನದ ಕೂಲಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಮೂರನೆಯವರ ತಪ್ಪಿಗೂ ಕೈಮೀರಿದ ಕಾರಣಕ್ಕೂ ಈ ಹೊಣೆ ಬರುವುದಿಲ್ಲ. ಮನೆಚಾಲಕರು ಮೊದಲಾದ ಗೃಹಕೆಲಸಗಾರರಿಗೆ ಈ ಕಾನೂನು ಅನ್ವಯಿಸದೆ ಪ್ರತ್ಯೇಕ ನಿಯಮಾವಳಿಯಿದೆ. ಯಾವುದಕ್ಕೆ ಸೇರಿದರೂ ಹಾನಿ ಯಾವಾಗ ಆಯಿತೆಂಬುದೇ ಮುಖ್ಯ ಪ್ರಶ್ನೆ. ಸವಾರಿಯಲ್ಲಿ ಬಂಡೆಗೆ ತಾಗಿದ ಗಾಯವನ್ನೂ ಹೌಶಿನಲ್ಲಿ ನಿಂತಾಗ ಬಿದ್ದ ತಗ್ಗನ್ನೂ ತಿಂಗಳುಗಳ ನಂತರ ಬೇರ್ಪಡಿಸುವುದು ಕಷ್ಟ. ವಾಹನ ಕೈಗೆ ಬಂದ ದಿನವೇ ತಳದ, ಪಕ್ಕೆಯ, ಹಿಂಬದಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಮಾಲೀಕನಿಗೆ ವಾಟ್ಸಾಪಿನಲ್ಲಿ ಕಳುಹಿಸಿದರೆ ತಾರೀಖಿನೊಡನೆ ದಾಖಲೆ ಉಳಿಯುತ್ತದೆ. ಹಾಸುಪಟ್ಟಿ ಸವೆದಿದ್ದರೆ, ಟಯರು ಹಳತಾಗಿದ್ದರೆ ಅದನ್ನೂ ಅದೇ ಸಂದೇಶದಲ್ಲಿ ತಿಳಿಸಿ ಬದಲಾಯಿಸಲು ಕೇಳಬಹುದು. ಎರಡು ಹಲಗೆ, ಒಂದಿಷ್ಟು ಹಾಸು, ಅರ್ಧ ದಿನದ ದುಡಿಮೆಗೆ ಆಗುವ ಖರ್ಚು ಒಡಲಿನ ದುರಸ್ತಿಯ ಖರ್ಚಿಗೆ ಹೋಲಿಸಿದರೆ ಅತ್ಯಲ್ಪ. ಈ ಲೆಕ್ಕವನ್ನು ಮುಂದಿಟ್ಟರೆ ಒಪ್ಪದ ಮಾಲೀಕರು ವಿರಳ.